ನೀಲಿಯ ಹಸಿವು, ಅವ್ವನ ಕೀಲಿ

ಖಡಕ್ ರೊಟ್ಟಿಯನ್ನು ಸದ್ದಿಲ್ಲದೆ ತಿನ್ನಲು ನಿಮಗೆ ಬರುತ್ತದೆಯೇ? ನನಗೆ ಬರುತ್ತದೆ. ಬೇರೆ ವಿದ್ಯೆಗಳು ನನಗೆ ಅಷ್ಟಾಗಿ ಹತ್ತಿದವಲ್ಲ. ಹಾರ್ಮೋನಿಯಂ ಕಲಿಯಲು ಹೋಗಿ ಮೂರನೆಯ ವಾರಕ್ಕೆ ಮಾಸ್ತರರಿಂದಲೇ ಕೈ ಮುಗಿಸಿಕೊಂಡು ಬಂದವಳು ನಾನು. ಸ್ಕೂಟಿ ಕಲಿಯಲು ಹೋಗಿ ಎದುರು ಮನೆಯ ಕಟ್ಟೆ ಕೆಡವಿದೆ. ಆದರೆ ವಾರದ ಹಿಂದೆ ಬಡಿದಿಟ್ಟ, ಮುಟ್ಟಿದರೆ ಪಟ್ಟೆನ್ನುವ ಜೋಳದ ರೊಟ್ಟಿಯನ್ನು ನನ್ನ ಕೈಗೆ ಕೊಡಿ, ಪಕ್ಕದಲ್ಲಿ ಕೂತವರಿಗೂ ಗೊತ್ತಾಗದಂತೆ ಮುಗಿಸುತ್ತೇನೆ. ಮುರಿಯುವಾಗ ಸೆರಗಿನ ಮಡಿಕೆಯೊಳಗೆ ಇಟ್ಟು ಮುರಿಯಬೇಕು. ತುಣುಕನ್ನು ನಾಲಿಗೆಯ ಮೇಲಿಟ್ಟು, ಬಾಯಿ ಮುಚ್ಚಿ, ಇಪ್ಪತ್ತರ ತನಕ ಎಣಿಸಬೇಕು. ಆಮೇಲೆ ಅದು ತಾನಾಗಿಯೇ ಸೋಲುತ್ತದೆ.

ಈ ನನ್ನ ವಿದ್ಯೆ ಮೊನ್ನೆ ಶಾಲೆಯಲ್ಲಿ ಬಯಲಾಯಿತು. ನಾನು ಕೊಪ್ಪಳದ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಮಧ್ಯಾಹ್ನದ ಹೊತ್ತು ಸ್ಟಾಫ್ ರೂಮಿನಲ್ಲಿ ಎಲ್ಲರ ಡಬ್ಬಿಗಳೂ ತೆರೆದಿದ್ದವು. ಶೇಂಗಾ ಚಟ್ನಿ, ಪುಂಡಿಪಲ್ಯ, ಕಟುಂ ಕಟುಂ ಸದ್ದು. ಹಿಂದಿ ಕಲಿಸುವ ಮೆಹರುನ್ನಿಸಾ ಮೇಡಂ ನನ್ನನ್ನೇ ನೋಡುತ್ತಿದ್ದವರು ನಗು ತಡೆಯಲಾಗದೆ ಕೇಳಿದರು: “ಅಲ್ರೀ ಟೀಚರ್, ನೀವು ರೊಟ್ಟಿ ತಿಂತೀರೋ, ಇಲ್ಲಾ ರೊಟ್ಟಿಗೆ ಜೋಗುಳಾ ಹಾಡ್ತೀರೋ?”

ಎಲ್ಲರೂ ನಕ್ಕರು. ನಾನೂ ನಕ್ಕೆ. ಇದು ಕಲಿತದ್ದು ಎಲ್ಲಿ ಎಂದು ಅವರಿಗೆ ಹೇಳಲಿಲ್ಲ. ನಿಮಗೆ ಹೇಳುತ್ತೇನೆ.

ಯಲಬುರ್ಗಾದಲ್ಲಿ ಅಪ್ಪ ಒಂದು ಸರಕಾರಿ ಕಚೇರಿಯಲ್ಲಿ ಜವಾನನಾಗಿದ್ದ. ಹಿತ್ತಲಲ್ಲಿ ಒಂದು ಎಮ್ಮೆ, ಊರ ಹೊರಗೆ ತುಂಡು ಹೊಲ. ನನಗೆ ಎಂಟು ವರ್ಷವಾದಾಗ ತಂಗಿ ಹುಟ್ಟಿದಳು. ಅಜ್ಜಿಯ ಹೆಸರನ್ನೇ ಇಟ್ಟು ನೀಲವ್ವ ಎಂದರು, ಕರೆಯುವುದು ನೀಲಿ. ಹುಟ್ಟಿದ ಕೂಸು ಅಳಬೇಕಲ್ಲ, ಅವಳು ಅಳಲಿಲ್ಲ. ಬೆಕ್ಕಿನ ಮರಿಯಂತೆ ಒಂದು ಸಣ್ಣ ದನಿ ತೆಗೆದು ಸುಮ್ಮನಾದಳು. ಎತ್ತಿಕೊಂಡರೆ ಒದ್ದೆ ಬಟ್ಟೆಯ ಹಾಗೆ ಕೈಯಿಂದ ಜೋತು ಬೀಳುತ್ತಿದ್ದಳು. ಮೊಲೆಗೆ ಹಚ್ಚಿದರೆ ಬಾಯಿ ಆಡಿಸುತ್ತಲೇ ಇರಲಿಲ್ಲ. ಅವ್ವ ಹಾಲು ಹಿಂಡಿ, ಹತ್ತಿಯ ಬತ್ತಿಯನ್ನು ಅದರಲ್ಲಿ ಅದ್ದಿ, ಹನಿ ಹನಿಯಾಗಿ ಅವಳ ಬಾಯಿಗೆ ಬಿಡುತ್ತಿದ್ದಳು. ಒಂದು ಸಣ್ಣ ಬಟ್ಟಲು ಹಾಲು ಇಳಿಯಲು ಒಂದು ತಾಸು. ಆ ಒಂದು ತಾಸಿನಲ್ಲಿ ನಾನು ಎರಡು ಸಲ ಬಾಯಿಪಾಠ ಒಪ್ಪಿಸಿ, ಅವ್ವನಿಂದ ಎರಡು ಸಲ ಬೈಸಿಕೊಳ್ಳುತ್ತಿದ್ದೆ.

ಅವ್ವನ ತವರು ಗಂಗಾವತಿ. ಒಮ್ಮೆ ಅಲ್ಲಿಗೆ ಹೋದಾಗ ನೀಲಿಯನ್ನು ಎತ್ತಿಕೊಂಡು ಹೇಮಗುಡ್ಡದ ದುರ್ಗಮ್ಮನ ಮುಂದೆ ಮಲಗಿಸಿ ಬೇಡಿಕೊಂಡಳು: “ತಾಯೀ, ನನ್ನ ಕೂಸು ಬಾಯಿ ತೆರದು ಹಸಿವು ಅಂತ ಒಮ್ಮೆ ಅನ್ನಲಿ. ನಿನಗ ಹೋಳಿಗಿ ಎಡಿ ಹಿಡೀತೀನಿ.”

ದುರ್ಗಮ್ಮ ಕೇಳಿಸಿಕೊಂಡಳು. ನೀಲಿಗೆ ಮೂರು ತುಂಬುವ ಹೊತ್ತಿಗೆ, ಒಂದು ಮುಂಜಾನೆ ಅವ್ವ ರೊಟ್ಟಿ ಬಡಿಯುತ್ತಿರುವಾಗ, ಅವಳು ತೆವಳಿಕೊಂಡು ಬಂದು ಒಲೆಯ ಮುಂದೆ ಕೂತು “ಅವ್ವಾ, ಹಸಿವಾಗೈತಿ” ಎಂದಳು. ಅವ್ವ ಹಿಟ್ಟಿನ ಕೈಯಲ್ಲೇ ಓಣಿಗೆ ಓಡಿದಳು. ಮನೆ ಮನೆಗೂ ಹೇಳಿ ಬಂದಳು. ಹರಕೆಯ ದಿನ ಹೋಳಿಗೆ ಮಾಡಿ ಐದು ಮಂದಿ ಮುತ್ತೈದೆಯರನ್ನು ಕರೆದಳು. ನೀಲಿ ಒಂದು ತಿಂದಳು, ಎರಡು ತಿಂದಳು. ಮೂರನೆಯದಕ್ಕೆ ಹೆಂಗಸರು ಚಪ್ಪಾಳೆ ಹೊಡೆದರು. ನಾಲ್ಕನೆಯದಕ್ಕೆ ಅಪ್ಪ ಕಣ್ಣೊರೆಸಿಕೊಂಡ. ಐದನೆಯದನ್ನು ತುಪ್ಪ ಹಾಕಿ ಬಡಿಸಿದವಳು ನಾನೇ.

ಆ ಹಸಿವು ಆಮೇಲೆ ನಿಲ್ಲಲೇ ಇಲ್ಲ.

ಮೊದಮೊದಲು ನಮಗೆ ಅದು ತಿಳಿಯಲಿಲ್ಲ. ಸೊರಗಿದ ಕೂಸು ಮೈ ತುಂಬಿಕೊಳ್ಳುತ್ತಿದೆ ಎಂದು ಸಂತೋಷಪಟ್ಟೆವು. ಆಮೇಲೆ ಬೆಲ್ಲದ ಡಬ್ಬಿ ಖಾಲಿಯಾಗತೊಡಗಿತು. ಹಸಿ ಜೋಳದ ಹಿಟ್ಟನ್ನು ಬೊಗಸೆಯಲ್ಲಿ ತಿಂದಳು. ಒಂದು ದಿನ ಎಮ್ಮೆಗೆ ನೆನೆಯಿಟ್ಟ ಹಿಂಡಿಯ ಬಕೆಟ್ಟಿನ ಮುಂದೆ, ಎಮ್ಮೆಯ ಜೊತೆಗೇ ಕೂತಿದ್ದಳು. ಮುಖದ ತುಂಬ ಹಿಂಡಿ ಮೆತ್ತಿಕೊಂಡು “ನಾ ಏನೂ ತಿಂದಿಲ್ಲ” ಎಂದಳು. ಅಂದು ಅವ್ವ ಮೊದಲ ಸಲ ಅವಳನ್ನು ಹೊಡೆದಳು. ಆಮೇಲೆ ಎಮ್ಮೆಯ ಕೊರಳು ತಬ್ಬಿಕೊಂಡು ಅತ್ತಳು. “ನಾ ಬೇಡಿದ್ದು ಒಂದು ತುತ್ತಿನ ಹಸಿವು. ಆಕಿ ಊರ ಹಸಿವೆಲ್ಲಾ ತಂದು ನನ್ನ ಮಗಳ ಹೊಟ್ಯಾಗ ಇಟ್ಟಾಳ” ಎಂದು ದುರ್ಗಮ್ಮನನ್ನು ಬೈದಳು.

ಶಾಲೆಗೆ ಸೇರಿಸಿದ ಮೇಲೆ ಇನ್ನೂ ಕಷ್ಟವಾಯಿತು. ಬೇರೆ ಮಕ್ಕಳ ಡಬ್ಬಿ, ಟೀಚರ ಚೀಲದ ಬಾಳೆಹಣ್ಣು, ಯಾವುದೂ ಉಳಿಯುತ್ತಿರಲಿಲ್ಲ. ಬಿಸಿಯೂಟದ ಅಕ್ಕ ಅವಳನ್ನು ಕಂಡರೆ ಪಾತ್ರೆಯ ಮುಚ್ಚಳದ ಮೇಲೆ ಕೈ ಇಟ್ಟುಕೊಳ್ಳುತ್ತಿದ್ದಳು. ‘ಕಳ್ಳ ನೀಲಿ’ ಎಂಬ ಹೆಸರು ಬಿತ್ತು. ನಾನಾಗ ಹೈಸ್ಕೂಲು. ಇಬ್ಬರೂ ಒಂದೇ ದಾರಿಯಲ್ಲಿ ಬರಬೇಕು. ನಾನು ಅವಳಿಗಿಂತ ಹತ್ತು ಹೆಜ್ಜೆ ಮುಂದೆ ನಡೆಯುತ್ತಿದ್ದೆ. ಅವಳು ಮೋಟು ಕಾಲುಗಳಲ್ಲಿ ಏದುಸಿರು ಬಿಡುತ್ತ “ಅಕ್ಕಾ, ನಿಂದ್ರ” ಎನ್ನುವಳು. ಗೆಳತಿಯರು ಕೇಳಿದರೆ “ನಮ್ಮ ಓಣಿ ಹುಡುಗಿ” ಎನ್ನುವೆ. ಸುಳ್ಳಂತೂ ಅಲ್ಲ, ನೋಡಿ, ನಮ್ಮ ಓಣಿಯ ಹುಡುಗಿಯೇ.

ಹುಳದ ಔಷಧಿ ಕುಡಿಸಿದ್ದಾಯಿತು. ದೃಷ್ಟಿ ತೆಗೆಸಿದ್ದಾಯಿತು. ಅವಳ ಒಂಬತ್ತನೆಯ ವರ್ಷದಲ್ಲಿ ಕೊಪ್ಪಳದ ಮಕ್ಕಳ ಡಾಕ್ಟರ ಹತ್ತಿರ ಕರೆದೊಯ್ದೆವು. ಡಾಕ್ಟರು ಎಳೆಯ ವಯಸ್ಸಿನ ಹೆಣ್ಣುಮಗಳು. ನೀಲಿಯ ಪುಟ್ಟ ಅಂಗೈಗಳನ್ನು, ಪುಟ್ಟ ಪಾದಗಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ಅವ್ವನನ್ನು ಒಂದೇ ಪ್ರಶ್ನೆ ಕೇಳಿದರು: “ಇಕಿ ಹುಟ್ಟಿದಾಗ ಹಾಲು ಚೀಪ್ತಿದ್ಳೇನ್ರಿ?”

ಅವ್ವ ಬೆಚ್ಚಿದಳು. “ಚೀಪ್ತಿದ್ದಿಲ್ರಿ. ಬತ್ತೀಲೆ ಹಾಕಿ ಉಳಿಸೀನ್ರಿ. ನಿಮಗ ಹೆಂಗ ಗೊತ್ತಾತು?”

ಉಣ್ಣದ ಆ ಕೂಸಿಗೂ, ಉಂಡು ತಣಿಯದ ಈ ಹುಡುಗಿಗೂ ಏನಾದರೂ ಸಂಬಂಧವಿರಬಹುದೆಂದು ಅಲ್ಲಿಯ ತನಕ ಯಾರೂ ಯೋಚಿಸಿರಲಿಲ್ಲ. ರಕ್ತ ಬೆಂಗಳೂರಿಗೆ ಹೋಯಿತು, ಕೆಲವು ವಾರಗಳ ಮೇಲೆ ಕಾಗದ ಬಂತು. ಪ್ರಾಡರ್-ವಿಲ್ಲಿ ಸಿಂಡ್ರೋಮ್ ಎಂದಿತ್ತು. ಅವ್ವನ ಬಾಯಲ್ಲಿ ಅದು ‘ಪಾಡ್ರಿಬಳ್ಳಿ’ ಆಯಿತು, ಹೊಲದಲ್ಲಿ ಹಬ್ಬುವ ಯಾವುದೋ ಬಳ್ಳಿಯ ಹೆಸರಿನ ಹಾಗೆ.

ಡಾಕ್ಟರು ತಾಳ್ಮೆಯಿಂದ ಹೇಳಿದರು: “ನಾವು ಉಂಡ ಮ್ಯಾಲೆ ಹೊಟ್ಟಿ ತುಂಬೇತಿ ಅಂತ ಮಿದುಳಿಗೆ ಸುದ್ದಿ ಹೋಗ್ತೈತ್ರಿ. ಇಕಿಗೆ ಆ ಸುದ್ದಿ ಹೋಗೂದಿಲ್ಲ. ಎಷ್ಟು ಉಂಡ್ರೂ ಉಪವಾಸ ಇದ್ದಂಗ ಅನಸ್ತೈತಿ. ಇದು ಆಸಿಬುರುಕತನ ಅಲ್ಲ, ಕಳ್ಳತನಾನೂ ಅಲ್ಲ. ಅಪ್ಪನ ಕಡಿಂದ ಬರಬೇಕಾದ ವಂಶವಾಹಿಯ ಒಂದು ಸಣ್ಣ ತುಣುಕು ಇಕಿಗೆ ಬಂದಿಲ್ಲ, ಅಷ್ಟ.”

ಅಪ್ಪ ಟೋಪಿಯನ್ನು ಕೈಯಲ್ಲಿ ಹಿಡಿದು ನಿಂತಿದ್ದ. ಕೇಳಿದ: “ಹಂಗಾರ ನಾ ಏನು ಕೊಡಲಿಲ್ರೀ ಡಾಕ್ಟ್ರ?”

“ನೀವು ಬ್ಯಾಡಂತ ಇಟ್ಕೊಂಡದ್ದಲ್ರಿ ಅದು. ಯಾರ ಕೈಯಾಗೂ ಇರೂದಲ್ಲ” ಎಂದರು ಅವರು. ಅಪ್ಪ ತಲೆಯಾಡಿಸಿದ. ಆದರೆ ಯಲಬುರ್ಗಾದ ತನಕ ಬಸ್ಸಿನಲ್ಲಿ ನೀಲಿಯನ್ನು ತೊಡೆಯ ಮೇಲೆ ಕೂರಿಸಿಕೊಂಡೇ ಬಂದ. ಒಂಬತ್ತು ವರ್ಷದ, ಸಾಕಷ್ಟು ಭಾರದ ಹುಡುಗಿ. ಪಕ್ಕದ ಸೀಟು ಖಾಲಿಯಿತ್ತು.

ಇದಕ್ಕೆ ಔಷಧಿ ಇಲ್ಲ, ಕೀಲಿಯೇ ಔಷಧಿ ಎಂದಿದ್ದರು ಡಾಕ್ಟರು. ನಮ್ಮ ಅಡುಗೆಮನೆಗೆ ಬಾಗಿಲೇ ಇರಲಿಲ್ಲ. ಕಿನ್ನಾಳದಿಂದ ಪರಿಚಯದ ಬಡಿಗೇರ ಬಂದು ಬಾಗಿಲು ಕೂರಿಸಿದ. ಗೊಂಬೆ ಮಾಡುವವರ ಮನೆತನದವನು, ಕೈ ಸುಮ್ಮನಿರದೆ ಬಾಗಿಲ ಮೇಲೊಂದು ಗಿಳಿ ಕೆತ್ತಿದ. ಗಿಳಿಯ ಕೆಳಗೆ ಕೀಲಿ ಬಿತ್ತು. ಕೀಲಿಕೈ ಅವ್ವನ ಕೊರಳಿಗೆ ಬಂತು. ಮುಂಜಾನೆ ಎಂಟಕ್ಕೆ, ಮಧ್ಯಾಹ್ನ ಒಂದಕ್ಕೆ, ಸಂಜೆ ಐದಕ್ಕೆ, ರಾತ್ರಿ ಎಂಟಕ್ಕೆ ಊಟ. ಒಂದೂವರೆ ರೊಟ್ಟಿ, ದೊಡ್ಡ ಬಟ್ಟಲು ಪಲ್ಯ, ಮಜ್ಜಿಗೆ. ಒಂದು ನಿಮಿಷ ಆಚೆ ಈಚೆ ಇಲ್ಲ, ಒಂದು ತುತ್ತು ಹೆಚ್ಚು ಕಡಿಮೆ ಇಲ್ಲ. ‘ಆಮ್ಯಾಲೆ ನೋಡೂಣು’ ಎಂಬ ಮಾತನ್ನೇ ಅವ್ವ ಬಿಟ್ಟಳು. ಆ ಮಾತು ಕೇಳಿದರೆ ನೀಲಿ ದಿನವಿಡೀ ಅದನ್ನೇ ಹಿಡಿದು ಕೂರುತ್ತಿದ್ದಳು. ಸಿಗುವುದಿಲ್ಲ ಎಂದು ಖಚಿತವಾದರೆ ಎಷ್ಟೋ ನೆಮ್ಮದಿ, ಅವಳಿಗೂ ನಮಗೂ.

ಓಣಿ ಇದನ್ನು ಹೇಗೆ ನುಂಗೀತು? ಬಂದವರಿಗೆ ಚಹಾ ಕೊಡುವ ಮೊದಲು ‘ಊಟಾ ಮಾಡ್ರಿ’ ಎನ್ನುವ ಸೀಮೆ ನಮ್ಮದು. “ಎಂಥಾ ತಾಯಿ ಅದಾಳವ್ವಾ, ಹಡೆದ ಮಗಳ ಅನ್ನಕ್ಕ ಕೀಲಿ ಹಾಕ್ಯಾಳ” ಎಂದು ನೀರಿನ ನಲ್ಲಿಯ ಹತ್ತಿರ ಆಡಿಕೊಂಡರು. ಅವ್ವ ಕೊಡ ತುಂಬಿಕೊಂಡು ಬರುತ್ತಿದ್ದಳು.

ನನ್ನ ಸದ್ದಿಲ್ಲದ ವಿದ್ಯೆ ಆಗ ಶುರುವಾದದ್ದು. ನೀಲಿಯ ಎದುರಿಗೆ ಅವಳ ಊಟದ ಹೊತ್ತು ಬಿಟ್ಟು ಬೇರೆ ಹೊತ್ತಿನಲ್ಲಿ ಏನೂ ತಿನ್ನುವಂತಿಲ್ಲ. ಬೆಳೆಯುವ ಹುಡುಗಿ ನಾನು, ಹಸಿವು ನನಗೂ ಇತ್ತು. ಅವ್ವ ನನ್ನನ್ನು ಒಳಗೆ ಬಿಟ್ಟು ಹೊರಗಿನಿಂದ ಕೀಲಿ ಹಾಕುವಳು. ಬಾಗಿಲ ಆಚೆ ನೀಲಿ ಕಿವಿಗೊಟ್ಟು ಕೂತಿರುತ್ತಿದ್ದಳು. ಅಪ್ಪನಿಗೂ ಒಂದು ಚಪಲವಿತ್ತು. ಬಸ್ ಸ್ಟ್ಯಾಂಡಿನ ಮಿರ್ಚಿ ಭಜಿ. ಅದನ್ನು ನಾವಿಬ್ಬರೂ ಕಚೇರಿಯ ಕಂಪೌಂಡ್ ಗೋಡೆಯ ಹಿಂದೆ ನಿಂತು, ಏನೋ ಅಪರಾಧ ಮಾಡುವವರಂತೆ ಆಚೀಚೆ ನೋಡುತ್ತ ತಿನ್ನುತ್ತಿದ್ದೆವು. ಬಾಯಿ ತೊಳೆದು, ಎರಡು ಲವಂಗ ಅಗಿದು ಮನೆಗೆ ಬಂದರೆ ನೀಲಿ ಅಪ್ಪನ ಅಂಗಿಗೆ ಮೂಗು ಹಚ್ಚಿ “ಮಿರ್ಚಿ. ಎಂಟು” ಎನ್ನುವಳು. ಸರಿಯಾಗಿ ಎಂಟೇ. ಅಪ್ಪ ಮರುದಿನದಿಂದ ಬಿಟ್ಟುಬಿಟ್ಟ. ನನ್ನದು ಮಾತ್ರ ಕೆಲವು ದಿನ ಮುಂದುವರಿಯಿತು. ತ್ಯಾಗದ ವಿಷಯದಲ್ಲಿ ನಾನು ಯಾವಾಗಲೂ ಹತ್ತು ಹೆಜ್ಜೆ ಹಿಂದೆ.

ಇಂಥವರಿಗೆ ರುಚಿ ಗೊತ್ತಾಗುವುದಿಲ್ಲ, ಏನು ಕೊಟ್ಟರೂ ತಿನ್ನುತ್ತಾರೆ ಎಂದು ಜನ ತಿಳಿಯುತ್ತಾರೆ. ನೀಲಿಗೆ ಎಷ್ಟು ಅಭಿಪ್ರಾಯಗಳಿದ್ದವೆಂದರೆ! ಖಾರಕ್ಕಿಂತ ಸಿಹಿ ಮೇಲು. ಬದನೆಕಾಯಿ ತಿನ್ನುವಳು, ಆದರೆ ಅದನ್ನು ಬೈಯುತ್ತಲೇ. ಯಲಬುರ್ಗಾದ ರೊಟ್ಟಿಗಿಂತ ಗಂಗಾವತಿಯ ಅನ್ನ ಅವಳಿಗೆ ಇಷ್ಟ. ಯಾಕೆ ಎಂದು ಒಮ್ಮೆ ಕೇಳಿದೆ. “ರೊಟ್ಟಿ ಎಣಸ್ತೀರಿ. ಅನ್ನ ಎಣಸಾಕ ಬರೂದಿಲ್ಲ” ಎಂದಳು. ಒಂದು ಪೇಡೆ ಬೇಕೋ, ಎರಡು ಬಟ್ಟಲು ಉಪ್ಪಿಟ್ಟು ಬೇಕೋ ಎಂದು ತಮಾಷೆಗೆ ಕೇಳಿದರೆ, ತುಂಬ ಹೊತ್ತು ಯೋಚಿಸಿ, “ನಡುವ ‘ಬೇಕೋ’ ಯಾಕ ಹಾಕ್ತಿ?” ಎಂದಳು. ಪ್ರಶ್ನೆಪತ್ರಿಕೆ ತೆಗೆಯುವಾಗ ಈಗಲೂ ನನಗೆ ಅದು ನೆನಪಾಗುತ್ತದೆ.

ಇನ್ನು ಹೇಳಲೇಬೇಕಾದದ್ದು ನನ್ನ ಮದುವೆಯ ದಿನದ ವಿಷಯ. ಇಷ್ಟು ವರ್ಷ ಇದನ್ನು ನಾನು ಪೂರ್ತಿಯಾಗಿ ಯಾರಿಗೂ ಹೇಳಿಲ್ಲ.

ಮದುವೆ ಗಂಗಾವತಿಯಲ್ಲಿ, ಸೋದರಮಾವನ ಮನೆಯ ಮುಂದೆ ಹಂದರ ಹಾಕಿ. ನೀಲಿಗೆ ಹದಿನೈದು. ಅವಳನ್ನು ಚಿಕ್ಕಮ್ಮನ ಜೊತೆ ಮಾಳಿಗೆಯ ಕೋಣೆಯಲ್ಲಿ ಇರಿಸುವುದೆಂದು ಅವ್ವ ನಿಶ್ಚಯಿಸಿದ್ದಳು. ನಾನು ಹಟ ಹಿಡಿದೆ. “ನನ್ನ ಮದುವ್ಯಾಗ ನನ್ನ ತಂಗಿ ಕೋಣ್ಯಾಗ ಇರಬೇಕೇನವ್ವಾ? ಒಂದ ದಿನ ನನ್ನ ಬಾಜೂಕ ಕುಂದ್ರಲಿ.”

“ಒಂದ ದಿನ ಅಂಬೂದು ಅಕಿ ಹೊಟ್ಟಿಗೆ ತಿಳಿಯೂದಿಲ್ಲವ್ವಾ” ಎಂದಳು ಅವ್ವ. ನಾನು ಅತ್ತೆ. ಮದುಮಗಳು ಅತ್ತರೆ ಯಾರು ತಡೆಯುತ್ತಾರೆ? ಅವ್ವ ಸೋತಳು.

ನೀಲಿ ಹಸಿರು ಪರಕಾರ ಉಟ್ಟು ನನ್ನ ಪಕ್ಕದಲ್ಲಿ ಕೂತಳು. ಅಕ್ಷತೆ ಬಿತ್ತು. ಎಲ್ಲರೂ ಅವಳ ಗಲ್ಲ ಹಿಂಡಿ ಹೋದರು. ಊಟಕ್ಕೆ ಕೂತಾಗ ನನ್ನ ಎಲೆಯ ಎರಡು ಬುಂದಿ ಉಂಡೆ ಅವಳ ಕೈಗಿಟ್ಟೆ. ಸ್ವಲ್ಪ ಹೊತ್ತಿಗೆ “ಅಕ್ಕಾ, ಬಚ್ಚಲಕ್ಕ ಹೋಗ್ತೀನಿ” ಎಂದು ಎದ್ದಳು. ಅವಳು ಬಚ್ಚಲಿಗೆ ಹೋಗುತ್ತಿಲ್ಲವೆಂದು ನನಗೆ ಗೊತ್ತಿತ್ತು. ಅವಳು ಸುಳ್ಳು ಹೇಳುವಾಗ ಎಡಗೈ ಹೆಬ್ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಳ್ಳುತ್ತಾಳೆ, ಅಂದೂ ಮುಚ್ಚಿಕೊಂಡಿದ್ದಳು. ಅವ್ವ ಬೀಗರ ಪಂಕ್ತಿಯಲ್ಲಿದ್ದಳು. ಕರೆಯಬಹುದಿತ್ತು, ಕರೆಯಲಿಲ್ಲ. ತಿನ್ನಲಿ, ಒಂದು ದಿನ ತಿನ್ನಲಿ ಎಂದುಕೊಂಡೆ.

ಮುಕ್ಕಾಲು ತಾಸಿನ ಮೇಲೆ ಅವಳನ್ನು ಉಗ್ರಾಣದ ಕೋಣೆಯಲ್ಲಿ ಉಂಡೆಯ ಬುಟ್ಟಿಗಳ ನಡುವೆ ಕಂಡೆವು. ಮುಖ ಬೆಳಗುತ್ತಿತ್ತು. “ಅಕ್ಕಾ, ಯಾರೂ ಬೈಲಿಲ್ಲ” ಎಂದಳು. ನೋವು ಎನ್ನಲಿಲ್ಲ, ಅವಳಿಗೆ ನೋವು ಬೇಗ ತಿಳಿಯುವುದಿಲ್ಲ. ವಾಂತಿಯೂ ಆಗಲಿಲ್ಲ, ಅವಳ ಮೈಗೆ ವಾಂತಿಯೂ ಸುಲಭಕ್ಕೆ ಬರುವುದಲ್ಲ. ಅವ್ವ ಹೊಟ್ಟೆ ಒತ್ತಿ ನೋಡಿದಳು. ಹಲಗೆಯಂತೆ ಬಿಗಿದಿತ್ತು. ಸಂಜೆಯ ಬಿಸಿಲಿನಲ್ಲಿ ನಾನು ಧಾರೆ ಸೀರೆಯಲ್ಲೇ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದೆ. ಜಠರ ಹರಿಯುವಷ್ಟು ಹಿಗ್ಗಿದೆ, ಏನೂ ಹೇಳಲಾಗದು ಎಂದರು. ಮೂಗಿನಲ್ಲಿ ನಳಿಕೆ ಇಳಿಸಿದರು. ಮೂರು ದಿನ ಹಾಗೇ ಕಳೆದವು. ನಮ್ಮನೆಯವರು ಬಾಸಿಂಗ ಬಿಚ್ಚಿಟ್ಟು ಬಂದು ಪಕ್ಕದಲ್ಲಿ ಕೂತರು. ಹೊಸ ಗಂಡನ ಜೊತೆ ನಾನು ಆಡಿದ ಮೊದಲ ಮಾತು “ನನಗ ಗೊತ್ತಿತ್ತ್ರಿ” ಎಂದು. ಏನು ಗೊತ್ತಿತ್ತು ಎಂದು ಅವರು ಕೇಳಲಿಲ್ಲ, ಇವತ್ತಿನವರೆಗೂ ಕೇಳಿಲ್ಲ.

ನೀಲಿ ಉಳಿದಳು. ನಾಲ್ಕನೆಯ ದಿನ ಅವ್ವ ನನ್ನನ್ನು ಆಚೆ ಕರೆದು ಹೇಳಿದಳು. ಸಿಟ್ಟಿರಲಿಲ್ಲ ಆ ದನಿಯಲ್ಲಿ. “ನಿನಗ ಅಕಿ ಮ್ಯಾಲೆ ಪ್ರೀತಿ ಮಾಡಾಕ ಒಂದ ದಿನ ಸಿಕ್ಕಿತ್ತು, ಮಾಡಿದಿ. ನನಗ ದಿನಾ ಮಾಡೂದೈತಿ.”

ಅದಾಗಿ ಹನ್ನೊಂದು ವರ್ಷ. ಅಪ್ಪ ತೀರಿಕೊಂಡ. ಕಳೆದ ವರ್ಷ ಅವ್ವ ಅಂಗಳದಲ್ಲಿ ಜಾರಿ ಸೊಂಟ ಮುರಿದುಕೊಂಡಳು. ಆಪರೇಶನ್ ಆದ ಮೇಲೆ ಇಬ್ಬರನ್ನೂ ಕೊಪ್ಪಳಕ್ಕೆ ನಮ್ಮ ಮನೆಗೆ ಕರೆತಂದೆವು. ಕೀಲಿಕೈ ನನ್ನ ಕೊರಳಿಗೆ ಬಂತು. ನಮ್ಮ ಅಡುಗೆಮನೆಗೂ ಬಾಗಿಲು ಬಂತು.

ಇಲ್ಲಿ ಇನ್ನೊಬ್ಬರಿದ್ದಾರೆ, ನಮ್ಮ ಅತ್ತೆ. ಕುಷ್ಟಗಿ ಕಡೆಯ ದೊಡ್ಡ ಒಕ್ಕಲುತನದ ಮನೆಯಲ್ಲಿ ಬೆಳೆದವರು. ‘ಇನ್ನೊಂದ ರೊಟ್ಟಿ’ ಎನ್ನದೆ ಯಾರ ತಾಟನ್ನೂ ಎತ್ತಗೊಟ್ಟವರಲ್ಲ. ನಾನು ಎಷ್ಟು ತಿಳಿಸಿ ಹೇಳಿದರೂ “ಹೂಂ” ಎಂದರು, ಒಪ್ಪಿದರೆಂದು ನಾನು ತಿಳಿದು, ಎಲ್ಲರ ಮಧ್ಯಾಹ್ನದ ಊಟ ಅವರ ವಶಕ್ಕೆ ಕೊಟ್ಟು ಶಾಲೆಗೆ ಹೋಗುತ್ತಿದ್ದೆ. ಒಂದು ತಿಂಗಳಿಗೆ ನೀಲಿಯ ತೂಕ ಮೂರು ಕಿಲೋ ಏರಿತು. ತಕ್ಕಡಿ ಕೆಟ್ಟಿದೆ ಎಂದು ಅದನ್ನೇ ಬದಲಿಸಿದೆ, ನಾನು ಅಷ್ಟು ಬುದ್ಧಿವಂತೆ. ಕೊನೆಗೆ ಒಂದು ದಿನ ಅವಳ ಕೌದಿಯ ಗಂಟು ಬಿಚ್ಚಿದರೆ ರೊಟ್ಟಿಯ ಚೂರುಗಳು. ನೀಲಿ ಕೌದಿ ಹೊಲಿಯುವುದರಲ್ಲಿ ಜಾಣೆ. ಯಾವ ತುಂಡು ಬಟ್ಟೆ ಎಲ್ಲಿ ಕೂಡಬೇಕೆಂದು ನೋಡಿದ ಕೂಡಲೇ ಹೇಳಬಲ್ಲಳು. ಅತ್ತೆಯ ಮನಸ್ಸನ್ನೂ ಹಾಗೇ ಹೊಲಿದುಕೊಂಡಿದ್ದಳು.

ಅತ್ತೆ ಮುಚ್ಚಿಡಲಿಲ್ಲ. “ಕೊಟ್ಟೀನಿ. ಹಸದಾಕಿ ಕಣ್ಣು ನೋಡಿ ನನಗ ತುತ್ತು ಇಳಿಯೂದಿಲ್ಲವ್ವಾ. ನಮ್ಮನ್ಯಾಗ ನಾಯಿನೂ ಹಸದಿದ್ದಿಲ್ಲ.”

ನನಗೆ ಸಿಟ್ಟು ಬಂದು ಬಾಯಿ ತೆರೆಯುವಷ್ಟರಲ್ಲಿ ಒಳಗಿನ ಮಂಚದಿಂದ ಅವ್ವನ ದನಿ ಬಂತು. “ಬೀಗ್ರ, ನನಗೂ ಇಪ್ಪತ್ತ ವರ್ಷದಿಂದ ತುತ್ತು ಇಳಿದಿಲ್ರಿ. ಆದ್ರೂ ಉಂಡೀನಿ. ನಾ ಉಳದ್ರ ಅಕಿ ಉಳೀತಾಳ ಅಂತ ಉಂಡೀನಿ.”

ಮರುದಿನ ಮುಂಜಾನೆ ಅತ್ತೆ ಸ್ನಾನ ಮಾಡಿ ಬಂದು ನನ್ನ ಮುಂದೆ ಕೈ ಚಾಚಿದರು: “ತಾ ಇಲ್ಲಿ ಕೀಲಿ. ನೀ ಸಾಲಿಗೆ ಹೋಗಾಕಿ.” ಅಂದಿನಿಂದ ಅವರಷ್ಟು ಬಿಗಿ ಯಾರೂ ಇಲ್ಲ. ನೀಲಿಯ ಹೊತ್ತಿಗೆ ನೀಲಿಯಷ್ಟೇ ಬಡಿಸಿಕೊಂಡು ಅವಳ ಎದುರಿಗೇ ಕೂತು ಉಣ್ಣುತ್ತಾರೆ. ಪಕ್ಕದ ಮನೆಯವರು ಹಬ್ಬಕ್ಕೆ ಕರಿಗಡುಬು ತಂದು “ಪಾಪ, ಒಂದ ತಿನ್ಲಿ” ಎಂದರೆ, ಬಾಗಿಲಲ್ಲೇ ತಡೆದು ಹೇಳುತ್ತಾರೆ: “ಅಕಿಗೆ ಊಟ ಅಂದ್ರ ಔಷಧಿ ಇದ್ದಂಗ. ಔಷಧಿ ಪಾಪ ಅಂತ ಹೆಚ್ಚಿಗಿ ಕುಡಸ್ತೀರೇನು?”

ಹೋದ ಭಾನುವಾರ ನಾನು ಮತ್ತು ನೀಲಿ ಪಡಸಾಲೆಯಲ್ಲಿ ಕೂತಿದ್ದೆವು. ಅವಳು ಕೌದಿ ಹೊಲಿಯುತ್ತಿದ್ದಳು. ಯಾಕೋ ಹೊಳೆಯಿತು, ಇಷ್ಟು ವರ್ಷ ಎಲ್ಲರೂ ಅವಳನ್ನು ‘ಯಾಕ ತಿಂದಿ’ ಎಂದೇ ಕೇಳಿದ್ದೇವೆ, ಬೇರೇನನ್ನೂ ಕೇಳಿಲ್ಲ. “ನೀಲಿ, ನಿನ್ನ ಹಸಿವು ಹೆಂಗಿರ್ತೈತಿ?” ಎಂದೆ.

ಅವಳು ಸೂಜಿ ನಿಲ್ಲಿಸಿ ನನ್ನನ್ನು ನೋಡಿದಳು. ಗಾಳಿ ಹೇಗಿದೆ ಎಂದು ಕೇಳಿದಂತೆ ಅನಿಸಿರಬೇಕು. “ಇರ್ತೈತಿ” ಎಂದಳು. ಆಮೇಲೆ ಅವಳೇ ಕೇಳಿದಳು: “ನೀವೆಲ್ಲಾ ಉಣ್ಕೋತ ಉಣ್ಕೋತ ಸಾಕು ಅಂತೀರಲ್ಲ, ಅದು ಹೆಂಗಿರ್ತೈತಕ್ಕಾ?”

ಹತ್ತು ವರ್ಷದಿಂದ ಮಕ್ಕಳ ಪ್ರಶ್ನೆಗಳಿಗೆ ಉತ್ತರ ಹೇಳುವ ಉದ್ಯೋಗ ನನ್ನದು. ಹೊಟ್ಟೆ ಭಾರ ಆದಂಗ ಎಂದೆ. ಅವಳು ತಲೆಯಾಡಿಸಿ, ಭಾರ ತನಗೂ ಆಗುತ್ತದೆ ಎಂದಳು. ಬ್ಯಾಡ ಅನಿಸ್ತೈತಿ ಎಂದೆ. “ಹೋಳಿಗಿನೂ ಬ್ಯಾಡ ಅನಿಸ್ತೈತಿ?” ಎಂದು ನಕ್ಕಳು.

ಒಂದು ಗಂಟೆಗೆ ಅತ್ತೆ ಬಡಿಸಿದರು. ನಾನು ಅಂದು ಪ್ರತಿ ತುತ್ತಿಗೂ ಒಳಗೆ ಇಣುಕಿ ನೋಡುತ್ತ ಉಂಡೆ, ಸಾಕು ಎಂಬುದು ಬರುವಾಗ ಹಿಡಿದು ಅವಳಿಗೆ ಹೇಳಬೇಕೆಂದು. ಅನ್ನ ಸಾರು ಮುಗಿದು ಮಜ್ಜಿಗೆಗೆ ಬಂದೆ. ನೀಲಿ ತನ್ನ ತಾಟು ಯಾವಾಗಲೋ ಮುಗಿಸಿ ನನ್ನ ಮುಖವನ್ನೇ ನೋಡುತ್ತಿದ್ದಳು.

“ಬಂತೇನಕ್ಕಾ?”

ನಾನು ನೋಡಿಕೊಂಡೆ. ಬಂದಿತ್ತು. ಯಾವ ತುತ್ತಿಗೆ ಬಂತೋ ತಿಳಿಯಲಿಲ್ಲ.

“ಬಂತವ್ವಾ” ಎಂದೆ.

“ಬರೂವಾಗ ಹೇಳಬಾರದೇನ,” ಎಂದಳು ನೀಲಿ, “ನಾನೂ ನೋಡ್ತಿದ್ನಲ್ಲ.”